‘ನಾನೇನು ನಿಜವಾದ ಟೀಚರ್ ಅಲ್ಲ’ ಅನ್ನುವ ಮಾತು



ನಾನು ಹಾರ್ಬೋರ್ನ್‌ನಲ್ಲಿರುವ ಹದಿನಾರು ವರ್ಷದ ಹುಡುಗಿ. ಇಯರ್ ಇಲೆವೆನ್ ಓದುತ್ತಿದ್ದೇನೆ. ಮೇ ತಿಂಗಳಲ್ಲಿ ಜಿಸಿಎಸ್‌ಇ ಪರೀಕ್ಷೆಗಳು ಶುರುವಾಗುತ್ತವೆ. ಅಮ್ಮನ ಪ್ರಕಾರ ನಾನು ಈಗ ಕೆಮಿಸ್ಟ್ರಿ ಓದುತ್ತಿರಬೇಕಿತ್ತು. ಆದರೆ ಮೂರು ವಾರದಿಂದ ಒಂದು ಮಾತು ನನ್ನ ತಲೆ ಕೊರೆಯುತ್ತಿದೆ. ಇದನ್ನು ಬರೆದು ಮುಗಿಸಿದ ಮೇಲೆ ಕೆಮಿಸ್ಟ್ರಿ ಎಂದು ನಮ್ಮಿಬ್ಬರಿಗೂ ಒಪ್ಪಂದವಾಗಿದೆ.

ಮೂರು ವಾರದ ಹಿಂದೆ ನಮ್ಮ ಕನ್ನಡ ಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ನಾನು ಹಿಂದುಗಡೆ ಕುರ್ಚಿ ಜೋಡಿಸುತ್ತಿದ್ದೆ. ದೊಡ್ಡ ಮಕ್ಕಳ ಕ್ಲಾಸನ್ನು ಈಸ್ಟರ್ ರಜೆಯ ನಂತರ ನಿಲ್ಲಿಸುವ ವಿಷಯ ಬಂತು. ಹೆಸರು ಕೊಟ್ಟವರು ಹನ್ನೊಂದು ಮಕ್ಕಳು, ಬರುವವರು ನಾಲ್ಕೋ ಐದೋ. ಅದು ನನಗೂ ಗೊತ್ತಿತ್ತು. ಆದರೆ ನಮ್ಮ ಕ್ಲಾಸಿನ ಮಿಸ್ ಎದ್ದು ನಿಂತು ಹೇಳಿದ ಮಾತು ಗೊತ್ತಿರಲಿಲ್ಲ: “ನಾನೇನು ನಿಜವಾದ ಟೀಚರ್ ಅಲ್ಲ. ನನಗೆ ತಿಳಿದ ಹಾಗೆ ಹೇಳಿಕೊಡ್ತಾ ಬಂದೆ. ಈ ಮಕ್ಕಳಿಗೆ ನನ್ನಿಂದ ಏನೂ ಉಪಯೋಗ ಆಗ್ತಿಲ್ಲ ಅನ್ಸುತ್ತೆ.”

ಯಾರೂ ಏನೂ ಹೇಳಲಿಲ್ಲ. ಒಬ್ಬ ಅಂಕಲ್ ಮಾತ್ರ, “ಛೇ ಛೇ, ಹಾಗೆಲ್ಲ ಅನ್ಬೇಡಿ” ಎಂದರು. ಆಮೇಲೆ ಎಲ್ಲರೂ ಯುಗಾದಿ ಕಾರ್ಯಕ್ರಮಕ್ಕೆ ಹಾಲ್ ಬಾಡಿಗೆ ಎಷ್ಟು ಎಂಬ ವಿಷಯಕ್ಕೆ ಹೋದರು.

ಮಿಸ್ ಹೇಳಿದ್ದು ತಪ್ಪು. ಅವರಿಗೆ ಹಾಗೆ ಅನ್ನಿಸುವಂತೆ ಮಾಡಿದ್ದು ನಾವು, ಅಂದರೆ ವಿದ್ಯಾರ್ಥಿಗಳು ಮತ್ತು ಪೋಷಕರು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ನಾನು ಯಾಕೆ ಹಾಗೆ ಹೇಳುತ್ತೇನೆ ಎಂಬ ವಿವರ.

ನಮ್ಮ ಶಾಲೆಯಲ್ಲಿ ಕಲಿಸುವವರು ಯಾರು ಎಂದು ನೋಡಿ. ಒಬ್ಬರು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಕ್ಟರ್, ರಾತ್ರಿ ಪಾಳಿ ಮುಗಿಸಿ ಕಣ್ಣು ಉಜ್ಜಿಕೊಂಡು ಬರುತ್ತಾರೆ. ಇಬ್ಬರು ಸಾಫ್ಟ್‌ವೇರ್‌ನವರು. ಒಬ್ಬರು ಅಕೌಂಟೆಂಟ್. ಇವರಲ್ಲಿ ಬಿ.ಎಡ್. ಮಾಡಿದವರು ಯಾರೂ ಇಲ್ಲ. ಯಾರಿಗೂ ಸಂಬಳ ಇಲ್ಲ. ಕ್ಲಾಸಿನ ಒಳಗೆ ಮಿಸ್ ಅಥವಾ ಸರ್, ಹೊರಗೆ ಬಂದರೆ ಆಂಟಿ, ಅಂಕಲ್. ಶನಿವಾರದ ಎರಡು ಗಂಟೆ ನಮಗೆ ಕಾಣುತ್ತದೆ. ಶುಕ್ರವಾರ ರಾತ್ರಿ ಅವರು ಪ್ರಿಂಟರ್ ಮುಂದೆ ಕೂತಿರುವುದು ಕಾಣುವುದಿಲ್ಲ.

ನನ್ನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸರ್‌ಗೆ ಆಗಸ್ಟ್ ತಿಂಗಳಲ್ಲಿ ಫಲಿತಾಂಶ ಬರುತ್ತದೆ. ಯಾವ ಮಕ್ಕಳು ಎಷ್ಟು ಮುಂದೆ ಬಂದರು ಎಂದು ಕಾಗದದ ಮೇಲೆ ಕಾಣುತ್ತದೆ. ಈ ದೇಶದಲ್ಲಿ ಪಂಜಾಬಿ, ಉರ್ದು, ಬಂಗಾಳಿ, ಗುಜರಾತಿ ಭಾಷೆಗಳಲ್ಲಿ ಜಿಸಿಎಸ್‌ಇ ಬರೆಯಬಹುದು. ಕನ್ನಡದಲ್ಲಿ ಬರೆಯಲು ಆಗುವುದಿಲ್ಲ. ಹಾಗಾಗಿ ಕನ್ನಡ ಕಲಿಸಿದವರಿಗೆ ‘ನೋಡಿ, ನೀವು ಕಲಿಸಿದ್ದು ಬಂದಿದೆ’ ಎಂದು ಹೇಳುವ ಒಂದು ಕಾಗದವೂ ಇಲ್ಲ. ಅವರಿಗೆ ಕಾಣುವುದು ಖಾಲಿ ಕುರ್ಚಿಗಳು, ಮೇಜಿನ ಕೆಳಗೆ ಫೋನ್ ನೋಡುವ ನಾವು, ಮತ್ತು ಹೋಮ್‌ವರ್ಕ್ ಕೇಳಿದಾಗ “ಮರೆತುಹೋಯ್ತು ಮಿಸ್” ಎಂಬ ಉತ್ತರ. ಇದನ್ನೇ ಐದು ವರ್ಷ ನೋಡಿದರೆ ಯಾರಿಗಾದರೂ ‘ನನ್ನಿಂದ ಆಗ್ತಿಲ್ಲ’ ಅನ್ನಿಸುತ್ತದೆ.

‘ನನ್ನಿಂದ ಆಗುತ್ತದೆ’ ಎಂದು ಅನ್ನಿಸುವುದು ಬರೀ ಮನಸ್ಸಿನ ಸಮಾಧಾನದ ವಿಷಯ ಅಲ್ಲ ಎಂಬುದು ನನಗೂ ಇತ್ತೀಚೆಗೆ ತಿಳಿದದ್ದು. ಸಭೆಯ ದಿನ ಮನೆಗೆ ಬಂದು ಇದರ ಬಗ್ಗೆ ಓದಲು ಶುರುಮಾಡಿದೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಕೆನಡಾದ ಒಂದು ಚಿಕ್ಕ ಊರಿನಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ಒಂದು ಕೆಲಸ ತನ್ನಿಂದ ಆಗುತ್ತದೆ ಎಂದು ನಂಬಿದವರು ಆ ಕೆಲಸಕ್ಕೆ ಹೆಚ್ಚು ಶ್ರಮ ಹಾಕುತ್ತಾರೆ, ಸೋತರೂ ಬೇಗ ಬಿಡುವುದಿಲ್ಲ ಎಂದು ಅವರು 1977ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1976ರಲ್ಲಿ, ರ‍್ಯಾಂಡ್ ಎಂಬ ಸಂಸ್ಥೆಯವರು ಲಾಸ್ ಏಂಜಲೀಸ್‌ನ ಶಾಲೆಗಳಲ್ಲಿ ಮಕ್ಕಳಿಗೆ ಓದು ಕಲಿಸುವ ಬಗ್ಗೆ ಅಧ್ಯಯನ ಮಾಡಿದ್ದರು. ಅದರಲ್ಲಿ ಶಿಕ್ಷಕರಿಗೆ ಎರಡು ಹೇಳಿಕೆ ಕೊಟ್ಟು, ಒಪ್ಪುತ್ತೀರೋ ಇಲ್ಲವೋ ಎಂದು ಕೇಳಿದ್ದರು. ಒಂದರ ಅರ್ಥ: ಎಲ್ಲ ಮನೆಯ ವಾತಾವರಣದ ಮೇಲೆ ನಿಂತಿದೆ, ಟೀಚರ್ ಮಾಡುವುದು ಹೆಚ್ಚೇನೂ ಇಲ್ಲ. ಇನ್ನೊಂದರ ಅರ್ಥ: ನಾನು ನಿಜವಾಗಿ ಪ್ರಯತ್ನಪಟ್ಟರೆ ಎಂಥ ಕಷ್ಟದ ವಿದ್ಯಾರ್ಥಿಗೂ ಕಲಿಸಬಲ್ಲೆ. ಶಿಕ್ಷಕರಿಗೆ ತಮ್ಮ ಮೇಲೆ ನಂಬಿಕೆ ಇದ್ದ ಕಡೆ ಮಕ್ಕಳ ಓದು ಹೆಚ್ಚು ಸುಧಾರಿಸಿದ್ದು ಕಂಡುಬಂತು.

ಮೊದಲನೇ ಹೇಳಿಕೆ ಓದಿದಾಗ ನನಗೆ ನಗು ಬಂತು. ನಮ್ಮ ಶಾಲೆಯ ಕಾರಿಡಾರಿನಲ್ಲಿ ನಾನು ನೂರು ಸಲ ಕೇಳಿದ ಮಾತು ಅದು. “ಮನೆಯಲ್ಲಿ ಕನ್ನಡ ಮಾತಾಡದಿದ್ರೆ ನಾವೇನು ಮಾಡೋಕಾಗುತ್ತೆ?” ಟೀಚರುಗಳು ಹೀಗೆ ಹೇಳುತ್ತಾರೆ. ಪೋಷಕರು, “ವಾರಕ್ಕೆ ಎರಡು ಗಂಟೇಲಿ ಏನು ಬರುತ್ತೆ ಬಿಡಿ” ಎನ್ನುತ್ತಾರೆ. ಇಬ್ಬರೂ ಬೇಜಾರಿನಿಂದ ಹೇಳುತ್ತಾರೆ, ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ಪಕ್ಕದಲ್ಲಿ ಕೋಟು ಹಾಕಿಕೊಳ್ಳುತ್ತಾ ನಿಂತಿರುವ ಮಗುವಿಗೆ ಅದು ಕೇಳಿಸುತ್ತದೆ. ಆ ಮಗು ನಾನಾಗಿದ್ದೆ.

ಏಳು ವರ್ಷದಿಂದ ಹನ್ನೆರಡು ವರ್ಷದವರೆಗೆ ನಾನು ಕನ್ನಡ ಕ್ಲಾಸಿಗೆ ಹೋಗಿ ಕಲಿತದ್ದು ಬಹಳ ಕಡಿಮೆ. ಆಗ ನಾವು ಇದ್ದದ್ದು ಬೇರೆ ಊರಿನಲ್ಲಿ. ಕಲಿಸುತ್ತಿದ್ದವರು ತುಂಬ ಒಳ್ಳೆಯವರು. ಪ್ರತಿ ವಾರ ಕೋಡುಬಳೆ ತರುತ್ತಿದ್ದರು. ಆದರೆ ನಾವು ಒಂದು ಪದ ಓದಲು ತಡವರಿಸಿದ ತಕ್ಷಣ ಅವರೇ ಓದಿ ಹೇಳಿಬಿಡುತ್ತಿದ್ದರು. “ಪಾಪ, ಇಲ್ಲೇ ಹುಟ್ಟಿದ ಮಕ್ಕಳು” ಎನ್ನುತ್ತಿದ್ದರು. ಅಕ್ಷರಗಳ ಚುಕ್ಕಿ ಜೋಡಿಸಿ ಬಣ್ಣ ಹಚ್ಚುವುದೇ ನಮ್ಮ ಪಾಠ. ಐದು ವರ್ಷ ನಾನು ‘ಅ’ ಅಕ್ಷರಕ್ಕೆ ಬಣ್ಣ ಹಚ್ಚಿದ್ದೇನೆ. ಆ ಐದು ವರ್ಷದಲ್ಲಿ ನಾನು ಚೆನ್ನಾಗಿ ಕಲಿತ ಒಂದು ಪದ ‘ಪಾಪ’. ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದೂ ನನಗೆ ಬಂದಿತ್ತು. ಸುಮ್ಮನೆ ಮುಖ ಸಪ್ಪೆ ಮಾಡಿ ಕೂತರೆ ಸಾಕು, ಉತ್ತರ ತಾನಾಗಿ ಬರುತ್ತದೆ.

ತಿಪಟೂರಿನಲ್ಲಿರುವ ನನ್ನ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ನನ್ನ ಹನ್ನೆರಡನೇ ಹುಟ್ಟುಹಬ್ಬಕ್ಕೆ ಒಂದು ಕಾಗದ ಬರೆದಿದ್ದರು. ಅದನ್ನು ಅಮ್ಮ ಓದಿ ಹೇಳಿದರು. ನನಗೆ ಬಂದ ಕಾಗದವನ್ನು ಇನ್ನೊಬ್ಬರು ಓದಿ ಹೇಳಬೇಕಾಯಿತು ಎಂಬ ನಾಚಿಕೆ ಈಗಲೂ ಇದೆ.

ಹಾರ್ಬೋರ್ನ್‌ಗೆ ಬಂದ ಮೇಲೆ ನನಗೆ ಸಿಕ್ಕಿದವರು ಈಗಿನ ಮಿಸ್. ಮೊದಲ ದಿನ ಅವರು ನನಗೆ ‘ಸೂರ್ಯ’ ಎಂಬ ಪದ ಓದಲು ಕೊಟ್ಟರು. ನಾನು ಮುಖ ಸಪ್ಪೆ ಮಾಡಿ ಕೂತೆ. ಅವರು ಕಾದರು. ಇನ್ನೂ ಸ್ವಲ್ಪ ಹೊತ್ತು ಕಾದರು. ನನ್ನ ಉಪಾಯ ಮೊದಲ ಸಲ ಕೆಲಸ ಮಾಡಲಿಲ್ಲ.

ನನಗೆ ಅರ್ಕಾವೊತ್ತು ಅರ್ಥವಾಗುತ್ತಿರಲಿಲ್ಲ. ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಬರೆಯುವಾಗ ಆಮೇಲೆ ಬರುತ್ತದೆ. ಇದೆಂಥ ನ್ಯಾಯ? ಮಿಸ್ ಮೊದಲು ಬೋರ್ಡಿನ ಮೇಲೆ ಬರೆದು ತೋರಿಸಿದರು. ಆಗಲಿಲ್ಲ. ಮುಂದಿನ ವಾರ ಚಪ್ಪಾಳೆ ತಟ್ಟಿ ಪದ ಒಡೆದು ಹೇಳಿಸಿದರು. ಸ್ವಲ್ಪ ಆಯಿತು. ಅದರ ಮುಂದಿನ ವಾರ, “ನಿಮ್ಮ ಊರಿನ ಹೆಸರು ಕನ್ನಡದಲ್ಲಿ ಬರಿ ನೋಡೋಣ” ಎಂದರು. ಹಾರ್ಬೋರ್ನ್. ನೀವೂ ಬರೆದು ನೋಡಿ, ಒಂದೇ ಪದದಲ್ಲಿ ಎರಡು ಅರ್ಕಾವೊತ್ತು! ಅವತ್ತು ಮನೆಗೆ ಹೋಗುವಾಗ 23ನೇ ನಂಬರ್ ಬಸ್ಸಿನ ಮಂಜು ಹಿಡಿದ ಕಿಟಕಿಯ ಮೇಲೆ ಬೆರಳಿನಿಂದ ಹಾರ್ಬೋರ್ನ್, ಬರ್ಮಿಂಗ್‌ಹ್ಯಾಮ್ ಎಂದು ಬರೆಯುತ್ತಾ ಕೂತಿದ್ದೆ. ಅಮ್ಮ, “ಗಾಜು ಗಲೀಜು ಮಾಡ್ಬೇಡ” ಎಂದರು.

ಒಬ್ಬ ಟೀಚರ್‌ಗೆ ತನ್ನ ಮೇಲೆ ನಂಬಿಕೆ ಇದೆಯೇ ಇಲ್ಲವೇ ಎಂದು ಹೇಗೆ ಗೊತ್ತಾಗುತ್ತದೆ? ಜೋರಾಗಿ ಮಾತಾಡುವುದರಿಂದ ಅಲ್ಲ. ಮೊದಲನೇ ದಾರಿ ಮುಚ್ಚಿದಾಗ ಎರಡನೇ ದಾರಿ, ಎರಡನೆಯದೂ ಆಗದಿದ್ದರೆ ಮೂರನೇ ದಾರಿ ಹುಡುಕುತ್ತಾರಲ್ಲ, ಅಲ್ಲಿ ಗೊತ್ತಾಗುತ್ತದೆ. ಕಲಿಸಿದರೆ ಬರುತ್ತದೆ ಎಂದು ಮನಸ್ಸಿನೊಳಗೆ ಇಲ್ಲದಿದ್ದರೆ ಯಾರೂ ಮೂರನೇ ದಾರಿ ಹುಡುಕುವ ಕಷ್ಟಕ್ಕೆ ಹೋಗುವುದಿಲ್ಲ. ಹಳೆಯ ಕ್ಲಾಸಿನಲ್ಲಿ ನಮಗೆ ಪ್ರೀತಿ ಸಿಕ್ಕಿತ್ತು, ಕೋಡುಬಳೆ ಸಿಕ್ಕಿತ್ತು. ಸಿಗದೆ ಹೋದದ್ದು ಎರಡನೇ ದಾರಿ.

ಇದನ್ನೆಲ್ಲ ಇಷ್ಟು ಸುಲಭವಾಗಿ ಹೇಳುತ್ತಿರುವ ನಾನೇ ಟೀಚರ್ ಆದಾಗ ಏನಾಯಿತು ಎಂಬುದನ್ನೂ ಹೇಳಬೇಕು.

ಕಳೆದ ವರ್ಷ ಡ್ಯೂಕ್ ಆಫ್ ಎಡಿನ್‌ಬರ ಸಿಲ್ವರ್ ಮಾಡುವಾಗ ಆರು ತಿಂಗಳು ಸ್ವಯಂಸೇವೆ ಮಾಡಬೇಕಿತ್ತು. ಚಿಕ್ಕ ಮಕ್ಕಳ ಕನ್ನಡ ಕ್ಲಾಸಿನಲ್ಲಿ ಸಹಾಯಕ್ಕೆ ಸೇರಿದೆ. ನನ್ನ ಪಾಲಿಗೆ ಬಂದವನು ಆರು ವರ್ಷದ ಒಬ್ಬ ಹುಡುಗ. ಅ ಆ ಇ ಈ ಎಂದು ಹಾಡಿನ ಹಾಗೆ ಹೇಳುತ್ತಿದ್ದ, ಆದರೆ ಬರೆದದ್ದು ತೋರಿಸಿದರೆ ಒಂದೂ ಗುರುತು ಸಿಗುತ್ತಿರಲಿಲ್ಲ. ಮೂರನೇ ವಾರಕ್ಕೆ ಅವನು ಮೇಜಿನ ಕೆಳಗೆ ಹೋಗಿ ಕೂತ. ನಾಲ್ಕನೇ ವಾರ ನಾನು ಮಿಸ್ ಹತ್ತಿರ ಹೋಗಿ ಹೇಳಿದೆ: “ಅವನಿಗೆ ಬರಲ್ಲ ಮಿಸ್. ಅವರ ಮನೆಯಲ್ಲಿ ಕನ್ನಡ ಮಾತಾಡಲ್ಲ.”

ನಾನೇ ಆ ಮಾತು ಹೇಳಿದ್ದೆ! ನಾಲ್ಕು ವಾರಕ್ಕೆ!

ಮಿಸ್ ನನಗೆ ಬೈಯಲಿಲ್ಲ. “ನಲಿ-ಕಲಿಯಲ್ಲಿ ಅ ಆ ಇ ಈ ಇಂದ ಶುರು ಮಾಡಲ್ಲ, ಗೊತ್ತಾ?” ಎಂದರು. ಕರ್ನಾಟಕದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಲ್ಲಿ ನಲಿ-ಕಲಿ ಎಂಬ ಪದ್ಧತಿ ಇದೆ. ಅಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದು ಅಕ್ಷರ. ವರ್ಣಮಾಲೆಯ 49 ಅಕ್ಷರ ಮುಗಿಯುವ ತನಕ ಕಾಯುವ ಅಗತ್ಯ ಇಲ್ಲ. ಐದು ಅಕ್ಷರ ಬಂದರೆ ಸರ, ಅರಸ, ಗರಗಸ ಎಂದು ಪದಗಳನ್ನೇ ಓದಬಹುದು. ಕೊಂಬು, ಇಳಿ, ಒತ್ತು ಏನೂ ಬೇಡ.

ನಾನು ಐದು ಕಾರ್ಡ್ ಮಾಡಿಕೊಂಡು ಹೋದೆ. ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಹುಡುಗ ಮೇಜಿನ ಕೆಳಗಿನಿಂದಲೇ ಕೈ ಚಾಚಿ ಕಾರ್ಡ್ ತೆಗೆದುಕೊಂಡ. ಒಂದೊಂದಾಗಿ ನೋಡಿದ. “ಗ... ರ... ಗ... ಸ. ಗರಗಸ!” ಎಂದ. ಆಮೇಲೆ ಇಂಗ್ಲಿಷಿನಲ್ಲಿ, ಹಾಗೆಂದರೇನು ಎಂದು ಕೇಳಿದ. ಮರ ಕೊಯ್ಯುವುದು ಎಂದು ಕೈಯಲ್ಲಿ ಮಾಡಿ ತೋರಿಸಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಒಂದು ಮಗು ತನ್ನ ಜೀವನದಲ್ಲಿ ಮೊದಲು ಓದಿದ ಕನ್ನಡ ಪದ ಗರಗಸ. ಮುಂದಿನ ವಾರ ಅವನ ಅಪ್ಪ ಬಂದು, “ಏನಮ್ಮ, ಏನು ಹೇಳಿಕೊಟ್ಟಿದ್ದೀಯ? ಮನೇಲಿ ಗರಗಸ ಎಲ್ಲಿದೆ ತೋರಿಸು ಅಂತ ಪ್ರಾಣ ತಿಂದ. ಶೆಡ್ ಎಲ್ಲ ಹುಡುಕಿ ಕೊಡಬೇಕಾಯ್ತು” ಎಂದರು.

ಅವರು ದೂರು ಹೇಳುವವರ ಹಾಗೆ ಹೇಳಿದರು. ನನಗೆ ಅದು ಪದಕ ಸಿಕ್ಕಿದಂತಾಯಿತು. ಆ ದಿನದಿಂದ ನನ್ನ ಮಾತು, ನಾನು ನಿಲ್ಲುವ ರೀತಿ, ಎಲ್ಲ ಬದಲಾಯಿತು. ಮುಂದಿನ ಅಕ್ಷರ ಬರದಿದ್ದಾಗ ‘ಅವನಿಗೆ ಬರಲ್ಲ’ ಎಂದು ಅನ್ನಿಸಲೇ ಇಲ್ಲ. ‘ನಾನು ಬೇರೆ ತರಹ ಹೇಳಬೇಕು’ ಎಂದು ಅನ್ನಿಸಿತು.

ಬಂಡೂರ ಅವರು ಈ ನಂಬಿಕೆ ಎಲ್ಲಿಂದ ಬರುತ್ತದೆ ಎಂದೂ ಹೇಳಿದ್ದಾರೆ. ನಾಲ್ಕು ಮೂಲಗಳು. ಮೊದಲನೆಯದು, ಎಲ್ಲಕ್ಕಿಂತ ಬಲವಾದದ್ದು, ಸ್ವಂತ ಅನುಭವ: ನಾನು ಮಾಡಿದೆ, ಆಯಿತು. ಎರಡನೆಯದು, ನಮ್ಮಂಥವರೇ ಇನ್ನೊಬ್ಬರು ಮಾಡುವುದನ್ನು ನೋಡುವುದು. ಮೂರನೆಯದು, ನಿನ್ನಿಂದ ಆಗುತ್ತದೆ ಎಂದು ನಂಬಿಕಸ್ಥರು ಹೇಳುವುದು. ನಾಲ್ಕನೆಯದು, ನಮ್ಮ ದೇಹ, ಮನಸ್ಸಿನ ಸ್ಥಿತಿ. ಸುಸ್ತು, ಗಾಬರಿ ಇದ್ದರೆ ನಂಬಿಕೆ ಇಳಿಯುತ್ತದೆ. ಸಭೆಯಲ್ಲಿ ಆ ಅಂಕಲ್ ಹೇಳಿದ “ಛೇ ಛೇ, ಹಾಗೆಲ್ಲ ಅನ್ಬೇಡಿ” ಮೂರನೆಯದಕ್ಕೆ ಸೇರುತ್ತದೆ. ಒಳ್ಳೆಯ ಮಾತೇ. ಆದರೆ ಅದೊಂದರಿಂದ ಆಗುವುದಿಲ್ಲ. ಮಿಸ್‌ಗೆ ಬೇಕಾದದ್ದು ಒಂದು ಗರಗಸ.

ನಲಿ-ಕಲಿಯ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅದು ಶುರುವಾದದ್ದೇ ಟೀಚರುಗಳಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಯುನಿಸೆಫ್ ಇದಕ್ಕೆ ಬೆಂಬಲ ಕೊಟ್ಟಿತ್ತು. ಹೆಗ್ಗಡದೇವನಕೋಟೆ ಎಂದರೆ ಕಬಿನಿ ಕಾಡಿನ ಅಂಚು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಒಬ್ಬರೇ ಟೀಚರ್, ಕಾಡಿನ ಹಾಡಿಗಳಿಂದ ಬರುವ ಮಕ್ಕಳು. ‘ಮನೆಯ ವಾತಾವರಣ ಸರಿಯಿಲ್ಲ, ನಾವೇನು ಮಾಡೋಕಾಗುತ್ತೆ’ ಎಂದು ಹೇಳಲು ಅವರಿಗೆ ನಮಗಿಂತ ನೂರು ಪಾಲು ಹೆಚ್ಚು ಕಾರಣ ಇತ್ತು. ಆದರೆ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿಯ ಚಿಕ್ಕ ಶಾಲೆಗಳಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಅವರು ಕಣ್ಣಾರೆ ನೋಡಿದರು. ತಮ್ಮಂಥ ಹಳ್ಳಿ ಟೀಚರುಗಳೇ ಅದನ್ನು ನಡೆಸುತ್ತಿದ್ದರು. ವಾಪಸ್ ಬಂದು ಕನ್ನಡಕ್ಕೆ ತಕ್ಕಂತೆ ತಾವೇ ಕಾರ್ಡು, ಹಾಡು, ಆಟ ಮಾಡಿಕೊಂಡರು. ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಮಗು ಎಷ್ಟು ದಿನ ರಜೆ ಹಾಕಿ ಬಂದರೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ಹೋಯಿತು. ಬಂಡೂರ ಹೇಳಿದ ಎರಡನೇ ಮೂಲ ಇದೇ ಅಲ್ಲವೇ? ನಮ್ಮಂಥವರು ಮಾಡುವುದನ್ನು ನೋಡಿದರೆ ನಮ್ಮಿಂದಲೂ ಆಗುತ್ತದೆ ಅನ್ನಿಸುತ್ತದೆ.

ಇನ್ನೂ ಹಿಂದೆ ಹೋದರೆ ಜಿ. ಪಿ. ರಾಜರತ್ನಂ ಅವರಿದ್ದಾರೆ. ನಮ್ಮ ಶಾಲೆಯಲ್ಲಿ ‘ತುತ್ತೂರಿ’ ಪದ್ಯ ಹೇಳದ ಮಗುವೇ ಇಲ್ಲ. ರಾಜರತ್ನಂ ಅವರು ಕನ್ನಡ ಎಂ.ಎ. ಮಾಡಿದ ಮೇಲೆ ಸ್ವಲ್ಪ ಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಪುಸ್ತಕದಲ್ಲಿದ್ದ ಪದ್ಯಗಳು ಮಕ್ಕಳಿಗೆ ಹಿಡಿಸುವುದಿಲ್ಲ ಎಂದು ಅವರಿಗೆ ಕಂಡಿತು. ‘ಈ ಮಕ್ಕಳಿಗೆ ಪದ್ಯ ಬರಲ್ಲ’ ಎಂದು ಬಿಡಬಹುದಿತ್ತು. ಅವರು ತಾವೇ ಕೂತು ಮಕ್ಕಳಿಗಾಗಿ ಪದ್ಯ ಬರೆದರು. ಆ ಕ್ಲಾಸಿನ ಮಕ್ಕಳಿಗಾಗಿ ಹುಡುಕಿದ ಎರಡನೇ ದಾರಿ ಈಗ ಹಾರ್ಬೋರ್ನ್ ತನಕ ಬಂದಿದೆ.

ಇಲ್ಲಿ ನನ್ನ ಅಣ್ಣ ಒಂದು ಪ್ರಶ್ನೆ ಕೇಳಿದ. “ಎಲ್ಲ ಟೀಚರ್ ನಂಬಿಕೆ ಮೇಲೆ ಹಾಕಿದ್ರೆ, ಮಕ್ಕಳು ಕಲೀದಿದ್ರೆ ಟೀಚರ್‌ದೇ ತಪ್ಪು ಅಂದ ಹಾಗಾಗಲ್ವಾ?” ಒಳ್ಳೆಯ ಪ್ರಶ್ನೆ. ಆಗುತ್ತದೆ, ನಾವು ಎಚ್ಚರ ತಪ್ಪಿದರೆ. ನಂಬಿಕೆ ಇದ್ದ ಮಾತ್ರಕ್ಕೆ ಪಾಠ ಬರುವುದಿಲ್ಲ. ಕಾರ್ಡು ಬೇಕು, ಕ್ರಮ ಬೇಕು, ಸಮಯ ಬೇಕು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ‘ನಂಬಿಕೆ ಇಟ್ಟುಕೊಳ್ಳಿ’ ಎಂದು ಉಪದೇಶ ಮಾಡುವುದು ಅನ್ಯಾಯ. ಹೆಗ್ಗಡದೇವನಕೋಟೆಯ ಶಿಕ್ಷಕರಿಗೂ ಯಾರೂ ಬರೀ ಭಾಷಣ ಮಾಡಲಿಲ್ಲ. ಪ್ರಯಾಣಕ್ಕೆ ವ್ಯವಸ್ಥೆ ಮಾಡಿದರು, ಜೊತೆಗೆ ಕೂತು ಕಾರ್ಡು ಮಾಡಲು ಅವಕಾಶ ಕೊಟ್ಟರು. ನಂಬಿಕೆಗೆ ನೀರು ಹಾಕುವವರು ಸುತ್ತ ಇರಬೇಕು.

ಆದರೆ ನಂಬಿಕೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಇದೇ ದೇಶದಲ್ಲಿ ಉದಾಹರಣೆ ಇದೆ. 1971ರಲ್ಲಿ ಬರ್ನಾರ್ಡ್ ಕೋರ್ಡ್ ಎಂಬ ಗ್ರೆನೇಡಾ ಮೂಲದ ಟೀಚರ್ ಲಂಡನ್ನಿನಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಕೆರಿಬಿಯನ್ ಕುಟುಂಬಗಳ ಮಕ್ಕಳನ್ನು ಬುದ್ಧಿ ಕಡಿಮೆ ಇರುವವರೆಂದು ತಪ್ಪಾಗಿ ತೀರ್ಮಾನಿಸಿ, ದೊಡ್ಡ ಸಂಖ್ಯೆಯಲ್ಲಿ ಬೇರೆ ಶಾಲೆಗಳಿಗೆ ಹಾಕುತ್ತಿದ್ದಾರೆ ಎಂದು ಅದರಲ್ಲಿ ತೋರಿಸಿದರು. ಟೀಚರುಗಳು ಆ ಮಕ್ಕಳಿಂದ ಕಡಿಮೆ ನಿರೀಕ್ಷಿಸುವುದು ಒಂದು ದೊಡ್ಡ ಕಾರಣ ಎಂದರು. ಆ ಕಾಲದಲ್ಲಿ ಕೆರಿಬಿಯನ್ ತಂದೆ-ತಾಯಂದಿರು ತಾವೇ ಶನಿವಾರದ ಶಾಲೆಗಳನ್ನು ನಡೆಸಿದರು, ಚರ್ಚ್ ಹಾಲುಗಳಲ್ಲಿ, ಮನೆಗಳಲ್ಲಿ. ಅವರಲ್ಲಿ ಎಷ್ಟೋ ಜನ ಟೀಚರ್ ತರಬೇತಿ ಪಡೆದವರಲ್ಲ. ನಮ್ಮ ಶನಿವಾರದ ಕನ್ನಡ ಶಾಲೆಯೂ ಅದೇ ತರಹದ್ದು. ನಮ್ಮ ಕಷ್ಟ ಅವರಷ್ಟು ದೊಡ್ಡದಲ್ಲ. ಆದರೆ ಟೀಚರ್ ಕೆಲಸದ ಕಾಗದ ಇಲ್ಲದ ಅಪ್ಪ-ಅಮ್ಮಂದಿರು ಶನಿವಾರ ಬೆಳಿಗ್ಗೆ ಒಂದು ಹಾಲಿನಲ್ಲಿ ನಿಂತು ಕಲಿಸಬಲ್ಲರು ಎಂಬುದಕ್ಕೆ ಈ ದೇಶದಲ್ಲೇ ಸಾಕ್ಷಿ ಇದೆ. ಹಾಗಾಗಿ ‘ನಿಜವಾದ ಟೀಚರ್ ಅಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ಏನು ಮಾಡಬಹುದು? ಬರೀ ತಪ್ಪು ಹುಡುಕಿದರೆ ಸಾಲದು ಎಂದು ಅಪ್ಪ ಹೇಳಿದರು. ನನಗೆ ತೋಚಿದ ನಾಲ್ಕು ವಿಷಯ ಬರೆಯುತ್ತೇನೆ.

ಪೋಷಕರಿಗೆ ಮೊದಲು. ಮಕ್ಕಳು ಮನೆಯಲ್ಲಿ ಒಂದು ಹೊಸ ಕನ್ನಡ ಪದ ಹೇಳಿದರೆ, ಒಂದು ಬೋರ್ಡು ಓದಿದರೆ, ಅಜ್ಜಿಯ ಜೊತೆ ಫೋನಿನಲ್ಲಿ ಒಂದು ವಾಕ್ಯ ಹೆಚ್ಚು ಮಾತಾಡಿದರೆ, ಅದನ್ನು ಟೀಚರ್‌ಗೆ ತಿಳಿಸಿ. ವಾಟ್ಸಾಪ್ ಗ್ರೂಪಿನಲ್ಲಿ ‘ಥ್ಯಾಂಕ್ಯೂ’ ಎಂದು ಕೈಮುಗಿಯುವ ಚಿತ್ರ ಹಾಕುವುದು ಬೇರೆ, ‘ನಿನ್ನೆ ನಮ್ಮ ಮಗಳು ಅಕ್ಕಿ ಚೀಲದ ಮೇಲೆ ಇದ್ದ ಸೋನಾ ಮಸೂರಿ ಎಂಬ ಕನ್ನಡ ಅಕ್ಷರ ಓದಿದಳು’ ಎಂದು ಬರೆಯುವುದು ಬೇರೆ. ಎರಡನೆಯದರಿಂದ ಟೀಚರ್‌ಗೆ ತಾನು ಮಾಡಿದ ಯಾವ ಕೆಲಸ ಫಲಿಸಿತು ಎಂದು ಗೊತ್ತಾಗುತ್ತದೆ. ಮತ್ತು ದಯವಿಟ್ಟು, ಮಕ್ಕಳ ಎದುರಿಗೆ “ಎರಡು ಗಂಟೇಲಿ ಏನು ಬರುತ್ತೆ” ಎನ್ನಬೇಡಿ.

ನನ್ನ ತಮ್ಮ ತಂಗಿಯರಿಗೆ, ಅಂದರೆ ಇದನ್ನು ಅಮ್ಮನ ಸಹಾಯದಿಂದ ಓದುತ್ತಿರುವ ಚಿಕ್ಕ ಮಕ್ಕಳಿಗೆ: ನಿಮಗೆ ಅರ್ಥವಾಗದಿದ್ದಾಗ ಸುಮ್ಮನೆ ಕೂರಬೇಡಿ. ‘ಅರ್ಥ ಆಗ್ಲಿಲ್ಲ ಮಿಸ್, ಇನ್ನೊಂದು ಸಲ ಬೇರೆ ತರಹ ಹೇಳಿ’ ಎಂದು ಕೇಳಿ. ಅರ್ಥವಾದಾಗಲೂ ಸುಮ್ಮನೆ ಕೂರಬೇಡಿ. ‘ಈಗ ಆಯ್ತು’ ಎಂದು ಜೋರಾಗಿ ಹೇಳಿ. ಟೀಚರುಗಳಿಗೆ ನಮ್ಮ ತಲೆಯೊಳಗೆ ಕಾಣುವುದಿಲ್ಲ.

ನನ್ನ ವಯಸ್ಸಿನವರಿಗೆ: ಶನಿವಾರ ಫುಟ್‌ಬಾಲ್ ಇದೆ, ಓದು ಇದೆ, ನಿದ್ದೆ ಇದೆ. ನನಗೂ ಇದೆ. ಬರಲು ಆಗದಿದ್ದರೆ ಯಾಕೆ ಬರಲಿಲ್ಲ ಎಂದು ಒಂದು ಮೆಸೇಜ್ ಹಾಕಿ. ಇಲ್ಲದಿದ್ದರೆ ಖಾಲಿ ಕುರ್ಚಿ ನೋಡಿ ಟೀಚರ್ ತಮ್ಮ ಪಾಠವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ನಿಮ್ಮ ಫುಟ್‌ಬಾಲ್ ಮ್ಯಾಚಿಗೆ ಅವರು ಯಾಕೆ ಬೇಜಾರು ಮಾಡಿಕೊಳ್ಳಬೇಕು?

ಕೊನೆಯದಾಗಿ ನಮ್ಮ ಶಾಲೆಯ ಸಮಿತಿಯ ಹಿರಿಯರಿಗೆ ಎರಡು ವಿನಂತಿ. ಒಂದು, ಟರ್ಮ್ ಶುರುವಿನಲ್ಲಿ ಪ್ರತಿ ಮಗು ಓದುವುದನ್ನು ಪೋಷಕರ ಒಪ್ಪಿಗೆ ಕೇಳಿ ಒಂದು ನಿಮಿಷ ರೆಕಾರ್ಡ್ ಮಾಡಿ. ಟರ್ಮ್ ಕೊನೆಯಲ್ಲಿ ಇನ್ನೊಂದು ಸಲ ಮಾಡಿ. ಎರಡನ್ನೂ ಟೀಚರ್‌ಗೆ ಕೇಳಿಸಿ. ನಮಗೆ ಜಿಸಿಎಸ್‌ಇ ಇಲ್ಲದಿದ್ದರೆ ಏನಂತೆ, ಆ ಎರಡು ನಿಮಿಷವೇ ಟೀಚರ್‌ಗೆ ಬರುವ ಫಲಿತಾಂಶ. ಎರಡು, ತಿಂಗಳಿಗೊಮ್ಮೆ ಒಬ್ಬ ಟೀಚರ್ ಇನ್ನೊಬ್ಬರ ಕ್ಲಾಸಿನಲ್ಲಿ ಅರ್ಧ ಗಂಟೆ ಕೂರಲಿ. ತಪ್ಪು ಹುಡುಕಲು ಅಲ್ಲ, ಹೆಗ್ಗಡದೇವನಕೋಟೆಯವರು ರಿಷಿ ವ್ಯಾಲಿಗೆ ಹೋದ ಹಾಗೆ. ಆ ಅರ್ಧ ಗಂಟೆ ಅವರ ಮಕ್ಕಳನ್ನು ನಾವು ದೊಡ್ಡ ಮಕ್ಕಳು ನೋಡಿಕೊಳ್ಳುತ್ತೇವೆ. ಗರಗಸದ ಕಾರ್ಡು ನನ್ನ ಹತ್ತಿರ ಇನ್ನೂ ಇದೆ.

ಮತ್ತು ದೊಡ್ಡ ಮಕ್ಕಳ ಕ್ಲಾಸನ್ನು ಈಗಲೇ ನಿಲ್ಲಿಸಬೇಡಿ. ಬೇಸಿಗೆ ರಜೆಯ ತನಕ ಒಂದು ಟರ್ಮ್ ಕೊಡಿ. ಆ ಹನ್ನೊಂದು ಜನರಿಗೂ ನಾನೇ ಫೋನ್ ಮಾಡುತ್ತೇನೆ. ಜೂನ್‌ನಲ್ಲಿ ನನ್ನ ಪರೀಕ್ಷೆ ಮುಗಿಯುತ್ತದೆ, ಆಮೇಲೆ ಪ್ರತಿ ಶನಿವಾರ ನಾನು ಇರುತ್ತೇನೆ.

ಮಿಸ್, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ಹೋದ ತಿಂಗಳು ಅಜ್ಜಿಯಿಂದ ಇನ್ನೊಂದು ಕಾಗದ ಬಂತು. ಒಂದೂವರೆ ಪುಟ. ಅಜ್ಜಿಯ ಕೈಬರಹ ಸ್ವಲ್ಪ ಕಷ್ಟ, ಎರಡು ಕಡೆ ಮಾತ್ರ ಅಮ್ಮನನ್ನು ಕೇಳಿದೆ. ಉಳಿದದ್ದು ನಾನೇ ಓದಿದೆ. ಅವತ್ತೇ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ, ತಪ್ಪಾಯಿತು. ಹೇಳಿದ್ದರೆ ಸಭೆಯಲ್ಲಿ ನೀವು ಆ ಮಾತು ಆಡುತ್ತಿರಲಿಲ್ಲವೋ ಏನೋ.

ಈ ಲೇಖನವನ್ನು ಮೊದಲು ಕೈಯಲ್ಲಿ ಬರೆದು ಆಮೇಲೆ ಟೈಪ್ ಮಾಡಿದ್ದೇನೆ. ಅಮ್ಮ ಕೆಲವು ಪದ ಹೇಳಿಕೊಟ್ಟಿದ್ದಾರೆ, ಆದರೆ ವಾಕ್ಯಗಳು ನನ್ನವೇ. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿಡಿ. ಶನಿವಾರ ಬಂದು ತಿದ್ದಿಕೊಳ್ಳುತ್ತೇನೆ.